ಎದುರಾಡುವವನಿಗೆ ಮೊದಲ ಮಾತು

ತುಂಗಭದ್ರೆ ದಂಡೆಯ ಆಶ್ರಮದಲ್ಲಿ ನೀಲಕಂಠಪ್ಪ ಮೂರು ತಿಂಗಳಿಂದ ಒಂದೇ ಖಾಲಿ ಹಾಳೆಯ ಮುಂದೆ ಕೂತಿದ್ದ. ಎಪ್ಪತ್ತೈದರ ಮುದುಕ. ಆದರೇನು, ಶಿಷ್ಯ ಶಿಷ್ಯನೇ.

ಅವನು ಬರೆಯುತ್ತಿದ್ದದ್ದು ಸತ್ತುಹೋದ ಒಂದು ಪಕ್ಷದ ಚರಿತ್ರೆ. ದೇಶಹಿತ ಉದಾರ ಪಕ್ಷ ಅಂತ. ಬ್ರಿಟಿಷರ ಕಾಲದಲ್ಲಿ ಮೇಷ್ಟ್ರುಗಳು, ವಕೀಲರು ಸೇರಿ ಕಟ್ಟಿದ್ದು. ದೇಶ ಎಲ್ಲರದು, ಬಾಯಿ ಅವರವರದು ಅನ್ನೋದು ಅವರ ಸಿದ್ಧಾಂತ. ಅದಕ್ಕೇ ಸಭೆಯಲ್ಲಿ ಒಂದು ಪದ್ಧತಿ ಇತ್ತು: ಯಾವ ವಿಷಯವೇ ಬರಲಿ, ಎದುರಾಡುವವನು ಮೊದಲು ಮಾತಾಡಬೇಕು.

ಎಲ್ಲಾ ಬರೆದಾಗಿತ್ತು. ಕೊನೆಯ ಅಧ್ಯಾಯ ಮಾತ್ರ ಮುಂದೆ ಸಾಗಲೊಲ್ಲದು.

"ಅಜ್ಜಯ್ಯ, ಪಕ್ಷ ಸತ್ತದ್ದು ಯಾರಿಂದ ಅಂತ ಬರೆಯಲಿ?" ಎಂದು ಗುರುಗಳನ್ನು ಕೇಳಿದ.

"ಯಾರಿಂದ ಸತ್ತಿತು?"

ನೀಲಕಂಠಪ್ಪ ಹಾಳೆ ಪಕ್ಕಕ್ಕಿಟ್ಟ. "ನನ್ನಿಂದಲೇ. ನಲವತ್ತು ವರ್ಷದ ಹಿಂದೆ, ದೊಡ್ಡ ಪಕ್ಷದ ಜೊತೆ ಸೇರಿಹೋಗೋಣ ಅಂತ ಸಭೆ ಕರೆದೆವು. ಅಧ್ಯಕ್ಷ ನಾನು. ನನ್ನ ಜೀವದ ಗೆಳೆಯ ಹಂಪಣ್ಣ ಬೇಡ ಅನ್ನೋಕೆ ಎದ್ದ. ನಾನು ಗಂಟೆ ಬಾರಿಸಿ ಬಾಯಿ ಮುಚ್ಚಿಸಿಬಿಟ್ಟೆ. ಅವನು ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಹೊರಟುಹೋದ. ಉಳಿದವರು ಕೈ ಎತ್ತಿದರು, ಪಕ್ಷ ಮುಗಿಯಿತು. ಅವತ್ತಿಂದ ಅವನ ಮುಖ ನೋಡಿಲ್ಲ."

"ನಾಳೆ ಅಂಗಳದ ಹುಣಸೆಮರ ಕಡಿಸೋ ಬಗ್ಗೆ ಸಭೆ ಇದೆ. ಅಧ್ಯಕ್ಷ ನೀನೇ," ಎಂದರು ಅಜ್ಜಯ್ಯ.

ಬೆಳಿಗ್ಗೆ ಎಲ್ಲರೂ ಕೂತರು. ಅಜ್ಜಯ್ಯ ಪೂಜೆಯ ಗಂಟೆಯನ್ನೇ ತಂದು ನೀಲಕಂಠಪ್ಪನ ಮುಂದಿಟ್ಟರು. ಮರ ಕಡಿಸಿ ಅಲ್ಲಿ ಊಟದ ಮನೆ ಕಟ್ಟಿಸಬೇಕೆಂಬುದು ಅವರದೇ ಆಸೆ. ಗುರುಗಳ ಆಸೆ ಅಂದಮೇಲೆ ಮುಗಿಯಿತಲ್ಲ, ಎಲ್ಲರ ತಲೆಯೂ ಹೌದೆಂದು ಅಲ್ಲಾಡಿತು.

ಅಡಿಗೆಯ ಗೌರವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಂಗೆ ಒಪ್ಪಿಗೆ ಇಲ್ಲ."

"ಕೂತ್ಕೋ ಗೌರವ್ವ! ಅಜ್ಜಯ್ಯನೋರಿಗೇ ಎದುರಾಡ್ತೀಯಾ?" ಎಂದು ನಾಲ್ಕು ಕಡೆಯಿಂದ ಗದರಿದರು. "ಗಂಟೆ ಬಾರಿಸ್ರಿ, ಅಧ್ಯಕ್ಷರೇ!"

ನೀಲಕಂಠಪ್ಪನ ಕೈ ಗಂಟೆಯ ಮೇಲೆ ಹೋಯಿತು. ಅಯ್ಯೋ ಶಿವನೇ, ಅದೇ ಕೈ! ಗಂಟೆಯನ್ನು ಸದ್ದಾಗದ ಹಾಗೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡ.

"ಎದುರಾಡೋರು ಮೊದಲು ಮಾತಾಡಬೇಕು. ಹೇಳವ್ವ."

"ಆಸ್ಪತ್ರೆಗೆ ಹೋಗೋ ಬಸುರಿ ಹೆಂಗಸರು ದೋಣಿ ಬರೋ ತನಕ ಆ ನೆರಳಲ್ಲೇ ಕೂರ್ತಾರೆ," ಎಂದಳು ಗೌರವ್ವ. "ನೀವೆಲ್ಲ ಕಣ್ಣು ಮುಚ್ಚಿ ಧ್ಯಾನ ಮಾಡೋರು, ನಿಮಗೆಲ್ಲಿ ಕಾಣ್ತದೆ? ನಂಗೆ ಅಡಿಗೆಮನೆ ಕಿಟಕಿಯಿಂದ ದಿನಾ ಕಾಣ್ತದೆ."

ಕೈ ಎತ್ತಿಸಿದಾಗ ಮರ ಉಳಿಯಿತು, ಅಜ್ಜಯ್ಯ ಸೋತರು. ಸೋತವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲಕಂಠಪ್ಪನಿಗೂ ನಗು ಬಂತು. ನಲವತ್ತು ವರ್ಷದ ಮೇಲೆ ಅವನ ಎದೆ ಹಗುರಾಗಿತ್ತು.

ಓಡಿಹೋಗಿ ಪೆನ್ನು ಹಿಡಿದ. "ಈಗ ಬರೆಯಬಲ್ಲೆ ಅಜ್ಜಯ್ಯ! ತಪ್ಪು ನಂದೇ ಅಂತ ಬರೆದು ಮುಗಿಸಿಬಿಡ್ತೀನಿ. ಸಂಜೆಯೊಳಗೆ ಆಗ್ತದೆ."

"ಹಂಪಣ್ಣ ಇದಾನಾ?"

"ಇದಾನೆ. ಹರಿಹರದಲ್ಲಿ, ಮಗಳ ಮನೇಲಿ."

ಅಜ್ಜಯ್ಯ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಚೀಲ ಕೊಟ್ಟರು.

"ಹತ್ತೂವರೆಗೆ ಬಸ್ಸಿದೆ, ಹೊರಡು. ಮೊದಲ ಮಾತು ಅವನದು."