ಅಂಗಾತ ಬಿದ್ದ ಕಲ್ಲುಗಳು

ಕಡಲ ದಂಡೆಯ ಪುಟ್ಟ ಆಶ್ರಮವೊಂದರಲ್ಲಿ ದಾಮೋದರ ಗುರುಗಳಿದ್ದರು. ನೀರು ಇಳಿದ ಹೊತ್ತಿನಲ್ಲಿ ಶಾಲೆಯ ಮಕ್ಕಳನ್ನು ಬಂಡೆಗಳ ನಡುವೆ ಕರೆದೊಯ್ದು, ಕಡಲ ಜೀವಿಗಳ ಗುರುತು ಹೇಳಿಕೊಡುವುದೆಂದರೆ ಅವರಿಗೆ ಹಬ್ಬ. ಧ್ಯಾನ ಕಲಿಯಲು ಬಂದವರಿಗೂ ಅವರು ಮೊದಲು ಏಡಿ ತೋರಿಸುತ್ತಿದ್ದರು.

ಶಿಷ್ಯ ಪುರಂದರನಿಗೆ ಒಂದೇ ಆಸೆ. ನಾಳೆ ಬರುವ ಮಕ್ಕಳನ್ನು ತಾನೇ ಕರೆದೊಯ್ಯಬೇಕು.

"ಎಲ್ಲ ಕಲಿತಾಯ್ತು ಗುರುಗಳೇ. ಬೇಕಾದರೆ ಪರೀಕ್ಷೆ ಮಾಡಿ."

"ಆಯ್ತು ಮಾರಾಯ, ನಡೆ."

ಪುರಂದರ ಮುಂದೆ, ಗುರುಗಳು ಹಿಂದೆ. ಅವನು ಒಂದು ಕಲ್ಲು ಮಗುಚಿದ.

"ಕವಡೆ. ಜೀವಂತ ಉಂಟು."

ಇನ್ನೊಂದು ಕಲ್ಲು. "ಸಮುದ್ರ ಸೌತೆ."

ಮತ್ತೊಂದು. "ಏಡಿ. ಹೆಣ್ಣು. ಹೊಟ್ಟೆಯಡಿ ಮೊಟ್ಟೆ ಉಂಟು."

ಅವನ ಬಾಯಿಗೆ ಬಿಡುವೇ ಇರಲಿಲ್ಲ. ಅವನು ಹೋದ ದಾರಿಯಲ್ಲೆಲ್ಲ ಕಲ್ಲುಗಳು ಅಂಗಾತ ಬಿದ್ದವು.

"ಒಂದಾದರೂ ತಪ್ಪಾಯ್ತಾ ಗುರುಗಳೇ?"

"ಒಂದೂ ಇಲ್ಲ."

"ಹಾಗಾದರೆ ನಾಳೆ ಮಕ್ಕಳನ್ನು..."

"ಹೋಗಿ ಸ್ವಲ್ಪ ಮೈ ಚಾಚು. ಈಗ ಬಂದು ಹೇಳ್ತೇನೆ."

ಪುರಂದರನ ಗುಡಿಸಲು ದಂಡೆಯ ಮೇಲೇ ಇತ್ತು. ಬೀಗುತ್ತಲೇ ಹೋಗಿ ಮಲಗಿದ. ಕಣ್ಣು ಹತ್ತಿತ್ತಷ್ಟೇ, ಮುಖಕ್ಕೆ ಬಿಸಿಲು ಬಡಿಯಿತು. ನೋಡಿದರೆ ಸೂರಿನಲ್ಲಿ ದೊಡ್ಡ ತೂತು, ತೂತಿನಲ್ಲಿ ಗುರುಗಳ ಗಡ್ಡ. ಏಣಿ ಹತ್ತಿ, ಹೊದಿಸಿದ್ದ ತೆಂಗಿನ ಮಡಲುಗಳನ್ನು ಅವರು ಎತ್ತಿಟ್ಟಿದ್ದರು.

"ಮನುಷ್ಯ" ಎಂದರು ಗುರುಗಳು, ಬಗ್ಗಿ ನೋಡಿ. "ಗಂಡು. ಮೀಸೆ ಉಂಟು."

ಅಷ್ಟು ಹೇಳಿ ಏಣಿ ಇಳಿಯತೊಡಗಿದರು.

"ಗುರುಗಳೇ! ಮಡಲು!"

"ಯಾಕೆ, ಗುರುತು ಹಿಡಿದದ್ದು ತಪ್ಪಾಯ್ತಾ?"

"ತಪ್ಪಿಲ್ಲ, ಆದರೆ ಈ ಬಿಸಿಲು! ಕಾಗೆ ಬೇರೆ ಒಳಗೆ ಇಣುಕ್ತಾ ಉಂಟು!"

ಕಾಗೆ ಎಂದದ್ದೇ ತಡ, ಪುರಂದರನಿಗೆ ಮೊಟ್ಟೆಯ ಏಡಿ ನೆನಪಾಯಿತು. ಪಂಚೆ ಎತ್ತಿ ಕಟ್ಟಿ ಓಡಿದ.

ಕಾಗೆಗಳು ಆಗಲೇ ಬಂಡೆಗಳ ಮೇಲೆ ಕೂತಿದ್ದವು. ಕೂಗಿ ಓಡಿಸಿದ. ಒಂದೊಂದೇ ಕಲ್ಲನ್ನು ಮೆಲ್ಲಗೆ, ಮೊದಲು ಇದ್ದಂತೆಯೇ ಮಗುಚುತ್ತ ಹೋದ. ಏಡಿ ಸಂದಿಯಲ್ಲಿ ಮುದುಡಿ ಕೂತಿತ್ತು. "ತಪ್ಪಾಯ್ತು ತಾಯಿ" ಎಂದು ಅದರ ಮನೆ ಮುಚ್ಚಿದ. ನೀರು ಏರಿ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.

ತೊಯ್ದು ತೊಪ್ಪೆಯಾಗಿ ಮರಳಿದಾಗ ಗುರುಗಳು ಸೂರಿನ ಮೇಲೆ ಕೂತು, ಏನೋ ಗುನುಗುತ್ತ ಮಡಲು ಕಟ್ಟುತ್ತಿದ್ದರು.

"ಎಲ್ಲ ಮುಚ್ಚಿ ಬಂದ್ಯಾ?"

"ಒಂದು ಕಲ್ಲು ಉಳಿಯಿತು ಗುರುಗಳೇ. ನೀರು ಏರಿತು, ಸಿಗಲಿಲ್ಲ." ಅವನಿಗೆ ಅಳುವೇ ಬಂದಿತ್ತು. "ನಾಳೆ ಮಕ್ಕಳ ಜೊತೆ ನೀವೇ ಹೋಗಿ. ನನಗೆ ಆ ಯೋಗ್ಯತೆ ಇಲ್ಲ."

ಗುರುಗಳು ಕೈಯಲ್ಲಿದ್ದ ಕೊನೆಯ ಮಡಲನ್ನು ಕೆಳಗೆ ಹಾಕಿ ನಕ್ಕರು.

"ಹಾಗಾದರೆ ಇದೊಂದು ತೂತು ಹೀಗೇ ಇರಲಿ. ನಾಳೆ ಮಕ್ಕಳಿಗೆ ಮೊದಲು ಇದನ್ನು ತೋರಿಸು, ಆಮೇಲೆ ಕಡಲಿಗೆ ಕರೆದುಕೊಂಡು ಹೋಗು."