ಪಾಯಸ ತಳ ಹಿಡಿದ ಮಧ್ಯಾಹ್ನ

“ಗುರುಗಳೇ, ಜನರಿಗೆ ಇಷ್ಟೊಂದು ಅಹಂಕಾರ ಏಕೆ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಅವನು ಆಗಷ್ಟೇ ಸಂತೆಯಿಂದ ಬಂದಿದ್ದ. ಹೆಗಲ ಮೇಲಿನ ಉಪ್ಪಿನ ಚೀಲವನ್ನು ಇಳಿಸುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ.

“ಯಾರ ಅಹಂಕಾರ?” ಎಂದರು ಗುರುಗಳು.

“ಎಲ್ಲರದೂ. ರಾಜಧಾನಿಗೆ ಬೆಂಕಿ ಬಿದ್ದು ಅಷ್ಟು ಜನ ಸತ್ತರು. ನಾಡಿಗೆ ನಾಡೇ ಅಳುತ್ತಿದೆ. ಸಂತೆಯಲ್ಲಿ ಕಿವಿಗೊಟ್ಟರೆ ಏನು ಕೇಳಿಸುತ್ತದೆ ಗೊತ್ತೇ? ಒಬ್ಬ, ‘ಸುದ್ದಿ ಬಂದಾಗ ನಾನು ಎಮ್ಮೆಯ ಹಾಲು ಕರೆಯುತ್ತಿದ್ದೆ’ ಎನ್ನುತ್ತಾನೆ. ಇನ್ನೊಬ್ಬ, ‘ನಾನು ಮಾವನ ಮನೆಗೆ ಹೆಂಚು ಹೊದಿಸುತ್ತಿದ್ದೆ’ ಎನ್ನುತ್ತಾನೆ. ಸತ್ತವರ ಮಾತಿನ ನಡುವೆ ಇವನ ಎಮ್ಮೆ ಏಕೆ ಬರಬೇಕು? ಇಂಥ ಹೊತ್ತಿನಲ್ಲೂ ‘ನಾನು, ನಾನು’ ಎನ್ನುವುದು ಬಿಡುವುದಿಲ್ಲವಲ್ಲ ಈ ಜನ!”

ಗುರುಗಳಿಗೆ ನಗು ಬಂತು. “ಮೊದಲು ಚೀಲ ಇಳಿಸು. ಕೂತುಕೋ” ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ರಾಜ್ಯವಿತ್ತು. ಅದಕ್ಕೊಬ್ಬ ರಾಣಿಯಿದ್ದಳು. ಜನಕ್ಕೆ ಅವಳೆಂದರೆ ಪ್ರಾಣ. ಒಂದು ಮಧ್ಯಾಹ್ನ ಅವಳು ಪರಿವಾರದೊಡನೆ ದೊಡ್ಡ ದೋಣಿಯಲ್ಲಿ ನದಿ ದಾಟುತ್ತಿದ್ದಳು. ಸುಳಿಗಾಳಿ ಎದ್ದಿತು. ದೋಣಿ ಮಗುಚಿತು. ರಾಣಿ ಹೋದಳು. ಅವಳ ಜೊತೆಯಲ್ಲಿದ್ದವರಲ್ಲಿ ಬಹುಪಾಲು ಜನ ಹೋದರು. ಸಾರುವವರು ಊರಿಂದ ಊರಿಗೆ ಓಡಿ ಸುದ್ದಿ ಮುಟ್ಟಿಸಿದರು.

ಆ ರಾಜ್ಯದಲ್ಲಿ ನೇಕಾರರೂ ಗಾಣಿಗರೂ ಇದ್ದ ಒಂದು ಊರು. ಪ್ರತಿ ವರ್ಷ ಆ ದಿನ ಬಂದಾಗ ಊರಿನವರೆಲ್ಲ ಛತ್ರದ ಅಂಗಳದಲ್ಲಿ ಸೇರುತ್ತಿದ್ದರು. ದೀಪ ಹಚ್ಚುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಸುದ್ದಿ ಬಂದಾಗ ತಾವು ಎಲ್ಲಿದ್ದೆವು ಎಂದು ಹೇಳುತ್ತಿದ್ದರು.

ಮೊದಲ ವರ್ಷ ಎಲ್ಲರೂ ಇದ್ದದ್ದನ್ನು ಇದ್ದಂತೆ ಹೇಳಿದರು. ಎರಡನೆಯ ವರ್ಷ ಮಾತು ಸ್ವಲ್ಪ ಬೆಳೆಯಿತು. ಬರಬರುತ್ತ ಬಹಳ ಬೆಳೆಯಿತು. ಕ್ಷೌರಿಕ, ಅಂದು ಬೆಳಿಗ್ಗೆಯಿಂದಲೇ ತನ್ನ ಕೈ ನಡುಗುತ್ತಿತ್ತು ಎಂದ. ಒಬ್ಬ ರೈತ, ತನ್ನ ಎತ್ತುಗಳು ನದಿಯ ಕಡೆ ತಿರುಗಿ ನಿಂತುಬಿಟ್ಟವು ಎಂದ. ಊರಿನ ಯಜಮಾನನಂತೂ, ತಾನು ಆ ಹೊತ್ತಿಗೆ ಸರಿಯಾಗಿ ದೇವರ ಮುಂದೆ ಕುಳಿತು ರಾಣಿಯ ಆಯುಸ್ಸಿಗಾಗಿ ಪ್ರಾರ್ಥಿಸುತ್ತಿದ್ದೆ ಎಂದ. ಕೇಳಿದವರು ತಲೆದೂಗಿದರು. ಮುಂದಿನ ವರ್ಷ ತಾವೇನು ಹೇಳಬೇಕೆಂದು ಒಳಗೊಳಗೇ ಯೋಚಿಸಿದರು.

ಅದೇ ಊರಿನಲ್ಲಿ ಒಬ್ಬ ಗಾಣಿಗನಿದ್ದ. ದೇವಸ್ಥಾನದ ದೀಪಗಳಿಗೆ ಅವನ ಗಾಣದ ಎಣ್ಣೆಯೇ ಹೋಗುತ್ತಿತ್ತು. ತನ್ನ ಸರದಿ ಬಂದಾಗ ಅವನು, “ನಾನು ದಾರಿಯಲ್ಲಿದ್ದೆ” ಎಂದಷ್ಟೇ ಹೇಳಿ ಕೂರುತ್ತಿದ್ದ. ಅವನ ಹೆಂಡತಿ ಆ ಮಾತು ಬಂದಾಗಲೆಲ್ಲ ನೆಲ ನೋಡುತ್ತಿದ್ದಳು.

ಒಂದು ವರ್ಷ ದೀಪದ ಹೊತ್ತಿಗೆ ಊದಲೆಂದು ಬೇರೆ ಊರಿನಿಂದ ವಾಲಗದವನನ್ನು ಕರೆಸಿದ್ದರು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಯಜಮಾನ ಮರ್ಯಾದೆಗೆಂದು ಅವನನ್ನೂ ಕೇಳಿದ. ವಾಲಗದವನು ಗಾಣಿಗನನ್ನು ನೋಡಿ ಮುಖ ಅರಳಿಸಿದ.

“ಎಲ್ಲಿದ್ದೆ ಅಂದರೆ ಏನು ಹೇಳಲಿ? ಇವರ ಮದುವೆಯಲ್ಲೇ ಊದುತ್ತಿದ್ದೆನಲ್ಲ! ಹೆಣ್ಣಿನ ಊರಿನಲ್ಲಿ. ಏನು ಮದುವೆ ಅದು! ಮದುಮಗ ನಗುತ್ತಾನೆ, ಮದುಮಗಳು ನಗುತ್ತಾಳೆ, ಇಬ್ಬರನ್ನೂ ನೋಡಿ ನಗು ಬಂದು ನನಗೆ ಊದಲಿಕ್ಕೇ ಆಗುತ್ತಿರಲಿಲ್ಲ.”

ಅಂಗಳದಲ್ಲಿ ಎಲ್ಲರ ತಲೆಯೂ ಗಾಣಿಗನ ಕಡೆ ತಿರುಗಿತು. ವಾಲಗದವನಿಗೆ ತಾನು ಹೇಳಿದ್ದರಲ್ಲಿ ಏನು ತಪ್ಪೆಂದು ತಿಳಿಯಲಿಲ್ಲ. ಅವನು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡ.

ಯಜಮಾನ ಎದ್ದು ನಿಂತ. “ಏನಯ್ಯಾ ಗಾಣಿಗ, ದಾರಿಯಲ್ಲಿದ್ದೆ ಅಂದೆಯಲ್ಲ?”

ಗಾಣಿಗ ತಲೆ ತಗ್ಗಿಸಿದ. ಅವನ ಹೆಂಡತಿ ಎದ್ದಳು.

“ಮದುವೆಯಾಗುತ್ತಿತ್ತು, ಯಜಮಾನರೇ. ಸುದ್ದಿ ಬಂದದ್ದು ಊಟದ ಹೊತ್ತಿಗೆ. ಜನ ಎಲೆಯ ಮುಂದೆ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ನಮ್ಮಪ್ಪನಿಗೆ ಮೊದಲು ತಿಳಿಯಿತು. ಎಲ್ಲರೂ ಉಂಡು ಕೈತೊಳೆಯುವವರೆಗೂ ಅವರು ಯಾರಿಗೂ ಹೇಳಲಿಲ್ಲ. ಒಬ್ಬರೇ ಕಂಬ ಹಿಡಿದುಕೊಂಡು ನಿಂತಿದ್ದರು.”

“ಅಂದರೆ, ರಾಣಿಯಮ್ಮ ಹೋದ ಮೇಲೂ ನೀವು ಪಾಯಸ ಬಡಿಸಿದಿರಿ?”

“ಬಡಿಸಿದರು.”

“ನೀವು ಉಂಡಿರಿ?”

“ಉಂಡೆವು. ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲವಂತೆ!” ಎಂದು ಯಜಮಾನ ಜನರ ಕಡೆ ತಿರುಗಿದ. “ಎತ್ತುಗಳಿಗೆ ಗೊತ್ತಾಯಿತು. ಇವರಿಗೆ ಗೊತ್ತಾಗಲಿಲ್ಲ. ನಾಡೆಲ್ಲ ಅಳುವಾಗ ಇವರು ಪಾಯಸ ಸುರಿದುಕೊಂಡರು. ಅದನ್ನು ಮುಚ್ಚಿಟ್ಟು ಇಷ್ಟು ವರ್ಷ ನಮ್ಮ ಜೊತೆ ಕೂತು ದೀಪ ಹಚ್ಚಿದರು. ಇನ್ನು ಇವರ ಗಾಣದ ಎಣ್ಣೆ ದೇವರಿಗೂ ಬೇಡ, ಊರಿಗೂ ಬೇಡ.”

ಕೆಲವರು ಹೌದೆಂದರು. ಕೆಲವರು ಸುಮ್ಮನಿದ್ದರು. ಗಾಣಿಗನ ಕಣ್ಣು ತುಂಬಿತು. ಊರು ಎಣ್ಣೆ ಕೊಳ್ಳದಿದ್ದರೆ ಗಾಣ ನಿಲ್ಲುತ್ತದೆ. ಗಾಣ ನಿಂತರೆ ಅವರು ಊರು ಬಿಡಬೇಕು.

ಆಗ ಹೆಂಗಸರ ಕಡೆಯಿಂದ ಒಂದು ದನಿ ಬಂತು.

“ಯಾವ ಪಾಯಸ?”

ಎಲ್ಲರೂ ತಿರುಗಿದರು. ಕೇಳಿದವಳು ನೇಕಾರನ ಹೆಂಡತಿಯ ಅಕ್ಕ. ಹೆಸರು ದೇವೀರಮ್ಮ. ಕೆಲವು ತಿಂಗಳ ಹಿಂದೆ ತಂಗಿಯ ಮನೆಗೆ ಬಂದು ಉಳಿದುಕೊಂಡಿದ್ದಳು. ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅವಳ ಮಾತು ಕೇಳಿದವರೇ ಊರಿನಲ್ಲಿ ಕಡಿಮೆ.

ಗಾಣಿಗನ ಹೆಂಡತಿ ತಬ್ಬಿಬ್ಬಾದಳು. “ಶಾವಿಗೆ ಪಾಯಸ, ತಾಯಿ.”

“ಬೆಲ್ಲವೋ, ಸಕ್ಕರೆಯೋ?”

“ಬೆಲ್ಲ.”

“ಹಾಲು ಒಡೆಯಲಿಲ್ಲವೇ?”

“ಒಡೆಯಿತು. ತಳವೂ ಹಿಡಿಯಿತು. ನಮ್ಮ ದೊಡ್ಡಪ್ಪ ಅಡುಗೆಯವನ ಮೇಲೆ ಸೌಟು ಎತ್ತಿಕೊಂಡು ಹೋದರು.”

“ಆಮೇಲೆ? ಚೆಲ್ಲಿದರೋ?”

“ಇಲ್ಲ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.”

ದೇವೀರಮ್ಮ ನಕ್ಕಳು. ಮೊದಲು ಸಣ್ಣಗೆ ನಕ್ಕಳು. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿರುತ್ತಾನೆ, ಮುಂಡೇದು! ಇಳಿಸಿ ಆರಿದ ಮೇಲೆ ಹಾಕಬೇಕು” ಎಂದಳು. ಅವಳ ತಂಗಿ ಬೆರಗಾಗಿ ಅಕ್ಕನ ತೋಳು ಹಿಡಿದುಕೊಂಡಳು.

ಯಜಮಾನನಿಗೆ ಸಿಟ್ಟು ನೆತ್ತಿಗೇರಿತು. “ಯಾರಮ್ಮಾ ನೀನು? ಇದೇನು ನಗುವ ದಿನವೇ? ನಿನಗೆ ಪಾಯಸದ ಚಿಂತೆ ಹತ್ತಿತೇ? ಮೊದಲು ಹೇಳು, ಆ ಹೊತ್ತು ನೀನು ಎಲ್ಲಿದ್ದೆ?”

“ದೋಣಿಯಲ್ಲಿ” ಎಂದಳು ದೇವೀರಮ್ಮ.

ಯಜಮಾನನ ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

“ನಾನು ರಾಣಿಯಮ್ಮನ ಅಡುಗೆಯವಳು. ದೋಣಿ ಮಗುಚಿದಾಗ ಖಾಲಿ ಕೊಪ್ಪರಿಗೆಯೊಂದು ಕೈಗೆ ಸಿಕ್ಕಿತು. ಅದರ ಕಿವಿ ಹಿಡಿದುಕೊಂಡು ತೇಲಿದೆ. ದಡ ಸೇರಿದೆ. ಅಂದಿನಿಂದ ನಾನು ಹೋದ ಕಡೆಯಲ್ಲೆಲ್ಲ ಜನ ಮುತ್ತಿಕೊಂಡರು. ರಾಣಿ ಹೇಗೆ ಹೋದಳು ಎಂದು ಕೇಳಿದರು. ನೀನು ಹೇಗೆ ಉಳಿದೆ ಎಂದು ಕೇಳಿದರು. ಹೇಳಿ ಹೇಳಿ ಸಾಕಾಯಿತು. ಒಂದೂರು ಬಿಟ್ಟು ಇನ್ನೊಂದೂರಿಗೆ ಹೋದೆ. ಇಲ್ಲಿಗೆ ಬಂದಾಗ ಯಾರಿಗೂ ಹೇಳಬೇಡವೆಂದು ತಂಗಿಯಿಂದ ಮಾತು ತೆಗೆದುಕೊಂಡೆ.”

ಅವಳು ಗಾಣಿಗನ ಹೆಂಡತಿಯ ಕಡೆ ನೋಡಿದಳು.

“ಮಗಳೇ, ನೀರಿನಲ್ಲಿದ್ದಾಗ ನನಗೆ ಲೋಕವೇ ಮುಗಿಯಿತು ಅನ್ನಿಸಿತ್ತು. ನಾಡಿನ ಒಲೆಗಳೆಲ್ಲ ಒಟ್ಟಿಗೆ ಆರಿಹೋದವು ಅನ್ನಿಸಿತ್ತು. ದಡಕ್ಕೆ ಬಂದ ಮೇಲೂ ಅದು ಹೋಗಲಿಲ್ಲ. ಒಲೆಯ ಮುಂದೆ ಕೂತರೆ ಕೈ ಬರುತ್ತಿರಲಿಲ್ಲ. ಇಲ್ಲಿ ಕೂತು ಇವರೆಲ್ಲ ಹೇಳಿದ್ದನ್ನು ಕೇಳಿದೆ. ಎಲ್ಲರ ಕೈಯೂ ನಡುಗಿತ್ತು, ಎತ್ತುಗಳೂ ನಿಂತಿದ್ದವು. ಹಾಗಾದರೆ ನಾನು ತಿಳಿದದ್ದು ಸರಿ, ಎಲ್ಲವೂ ಅಂದೇ ನಿಂತುಹೋಯಿತು ಅಂದುಕೊಂಡೆ. ನಾನು ನೀರು ಕುಡಿಯುತ್ತಿದ್ದಾಗ ಎಲ್ಲೋ ಒಂದು ಕಡೆ ಪಾಯಸ ತಳ ಹಿಡಿಯುತ್ತಿತ್ತು, ಯಾರೋ ಸೌಟು ಎತ್ತಿಕೊಂಡು ಓಡುತ್ತಿದ್ದರು ಅಂತ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.”

ದೇವೀರಮ್ಮ ಕ್ಷೌರಿಕನ ಕಡೆ ತಿರುಗಿದಳು.

“ಅಣ್ಣಾ, ನೀನು ನಿಜವಾಗಿ ಏನು ಮಾಡುತ್ತಿದ್ದೆ?”

ಕ್ಷೌರಿಕ ಕೆಮ್ಮಿದ. ಅಕ್ಕಪಕ್ಕ ನೋಡಿದ. “ಈ ಅಂಗಡಿಯವನ ಮೀಸೆ ತಿದ್ದುತ್ತಿದ್ದೆ, ತಾಯಿ. ಒಂದು ಕಡೆ ಆಗಿತ್ತು. ಸಾರುವವನು ಬಂದ. ಎಲ್ಲರೂ ಓಡಿದೆವು. ಮೂರು ದಿನ ಊರಿನಲ್ಲಿ ಯಾರೂ ಕತ್ತಿ ಮುಟ್ಟಬಾರದು ಎಂದರು. ಇವನು ಅರ್ಧ ಮೀಸೆಯಲ್ಲೇ ಮೂರು ದಿನ ಅತ್ತ.”

ಅಂಗಡಿಯವನು ತಲೆಗೆ ಕೈ ಹಚ್ಚಿಕೊಂಡ. ಎಲ್ಲಿಂದಲೋ ಒಂದು ನಗು ಕೇಳಿಸಿತು. ಇನ್ನೊಂದು ಸೇರಿತು.

“ನಿನ್ನ ಎತ್ತುಗಳು?” ಎಂದಳು ದೇವೀರಮ್ಮ.

ರೈತ ನಾಚಿಕೊಂಡ. “ಪಕ್ಕದ ಹೊಲದ ಜೋಳ ಮೇಯುತ್ತಿದ್ದವು, ತಾಯಿ. ನಾನು ಹುಣಸೆ ಮರದ ಮೇಲಿದ್ದೆ. ಹೊಲದವನು ಕೆಳಗೆ ದೊಣ್ಣೆ ಹಿಡಿದು ನಿಂತಿದ್ದ. ಸುದ್ದಿ ಬಂದದ್ದರಿಂದ ನಾನು ಉಳಿದೆ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.”

ಈಗ ಅಂಗಳವೆಲ್ಲ ನಕ್ಕಿತು. ಯಾರೂ ಕೇಳದೆಯೇ ಒಬ್ಬೊಬ್ಬರು ಏಳತೊಡಗಿದರು. ಒಬ್ಬಳು ಹಪ್ಪಳ ಒಣಗಿಸುತ್ತ ಕಾಗೆಗೆ ಬೈಯುತ್ತಿದ್ದಳಂತೆ. ಇನ್ನೊಬ್ಬಳು ಅತ್ತೆಯೊಂದಿಗೆ ಜಗಳವಾಡುತ್ತಿದ್ದಳಂತೆ. ಅದು ಇಂದಿಗೂ ಅರ್ಧಕ್ಕೇ ನಿಂತಿದೆಯಂತೆ. ದೇವೀರಮ್ಮ ಎಲ್ಲರನ್ನೂ ಬಿಡದೆ ಕೇಳಿದಳು. ಉದ್ದಿನ ಹಪ್ಪಳವೋ, ಅಕ್ಕಿಯದೋ? ಜಗಳ ಯಾವುದಕ್ಕೆ? ಹಸಿದವರು ಉಣ್ಣುವಂತೆ ಕೇಳಿದಳು.

ಕೊನೆಗೆ ಯಜಮಾನನೊಬ್ಬನೇ ಉಳಿದ. ಅವನು ಇನ್ನೂ ನಿಂತೇ ಇದ್ದ. ದೇವೀರಮ್ಮ ಮೆಲ್ಲಗೆ ಕೇಳಿದಳು.

“ತಾವು, ಯಜಮಾನರೇ?”

ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ ಕುಳಿತುಕೊಂಡ.

“ನಿದ್ದೆ ಮಾಡುತ್ತಿದ್ದೆ, ತಾಯಿ. ಉಂಡು ಮಲಗಿದ್ದೆ. ಸುದ್ದಿ ಹೇಳಲು ಬಂದವನಿಗೆ, ಏಳಿಸಿದೆಯೇಕೆ ಎಂದು ಬಾಯಿಗೆ ಬಂದಂತೆ ಬೈದೆ. ರಾಣಿಯಮ್ಮ ಹೋದ ಹೊತ್ತಿಗೆ ನಾನು ಮಲಗಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು.”

“ಗೊರಕೆ ಹೊಡೆಯುತ್ತಿದ್ದಿರೋ?”

“ಹೊಡೆಯುತ್ತಾರೆ” ಎಂದಳು ಯಜಮಾನನ ಹೆಂಡತಿ. ನಗು ಛತ್ರದ ಮಾಡಿಗೆ ಮುಟ್ಟಿತು. ಕೊನೆಗೆ ಯಜಮಾನನೂ ನಕ್ಕ. ಗಾಣಿಗನ ಎಣ್ಣೆಯ ಮಾತನ್ನು ಅವನೂ ಮತ್ತೆ ಎತ್ತಲಿಲ್ಲ, ಉಳಿದವರೂ ಎತ್ತಲಿಲ್ಲ.

ನಗು ಇಳಿದ ಮೇಲೆ ಒಬ್ಬ ಮುದುಕಿ ಕೇಳಿದಳು. “ಮಗಾ, ಆ ಹೊತ್ತು ರಾಣಿಯಮ್ಮ ಏನು ಮಾಡುತ್ತಿದ್ದಳು?”

ದೇವೀರಮ್ಮನನ್ನು ಇದುವರೆಗೆ ಹಾಗೆ ಯಾರೂ ಕೇಳಿರಲಿಲ್ಲ.

“ಚಿತ್ರಾನ್ನ ತಿನ್ನುತ್ತಿದ್ದಳು. ಎರಡನೆಯ ಸಲ ಹಾಕಿಸಿಕೊಂಡು, ನಿಂಬೆಹಣ್ಣು ಕಡಿಮೆಯಾಗಿದೆ ಎಂದಳು. ಸರಿಯಾಗಿದೆ ಎಂದೆ ನಾನು. ಕಡಿಮೆ ಎಂದಳು. ಜಗಳ ನಡೆದಿತ್ತು.”

“ನಿಜವಾಗಿ ಕಡಿಮೆಯಿತ್ತೇ?”

“ಎಲ್ಲಿ ಕಡಿಮೆ? ಅವಳಿಗೆ ಹುಳಿ ಎಷ್ಟಿದ್ದರೂ ಸಾಲದು” ಎಂದಳು ದೇವೀರಮ್ಮ. ಹಾಗೆನ್ನುತ್ತಲೇ ಅವಳಿಗೆ ಅಳು ಬಂತು. ದೋಣಿ ಮುಳುಗಿದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಮುದುಕಿ ಅವಳ ಬೆನ್ನು ಸವರಿದಳು. ಜನ ಚಿನ್ನದ ಕಿರೀಟದ ರಾಣಿಯನ್ನು ಇಷ್ಟು ವರ್ಷ ನೆನೆದಿದ್ದರು. ಹುಳಿಗಾಗಿ ಜಗಳವಾಡುವ ರಾಣಿಯನ್ನು ಅವರು ಕಂಡದ್ದು ಆಗಲೇ. ಅಂದು ಅವರು ಅತ್ತ ಹಾಗೆ ಹಿಂದೆಂದೂ ಅತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನೇಕಾರನ ಮನೆಯಲ್ಲಿ ಒಲೆ ಹಚ್ಚಿದವಳು ದೇವೀರಮ್ಮ. ನೇಕಾರ ಒಗ್ಗರಣೆಯ ವಾಸನೆಗೆ ಮಗ್ಗ ಬಿಟ್ಟು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. “ಈ ಮನೆಯಲ್ಲಿ ಇಂಗು ಎಂಬ ಪದಾರ್ಥ ಉಂಟೋ ಇಲ್ಲವೋ?” ಎಂದು ಅವಳಿಂದ ಗದರಿಸಿಕೊಂಡ. ಗದರಿಸಿಕೊಂಡಿದ್ದಕ್ಕೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಉಣ್ಣೆಯ ಶಾಲು ನೇಯ್ದು ಅತ್ತಿಗೆಗೆ ಕೊಟ್ಟ. ಆಮೇಲೆ ಆ ಸೀಮೆಯಲ್ಲಿ ಎಲ್ಲಿ ಮದುವೆಯಾದರೂ ಅಡುಗೆಗೆ ದೇವೀರಮ್ಮನೇ ಬೇಕು ಎನ್ನುವಂತಾಯಿತು. ಅವಳು ಬಹಳ ವರ್ಷ ಬದುಕಿದಳು. ಬಹಳ ಜನಕ್ಕೆ ಬೈದಳು. ಬಹಳ ಜನ ಅವಳ ಕೈಯಡುಗೆ ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖದಲ್ಲಿ ಇನ್ನೂ ನಗುವಿತ್ತು. ಆದರೆ ಅವನು ಸುಲಭಕ್ಕೆ ಬಿಡುವವನಲ್ಲ.

“ದೇವೀರಮ್ಮನ ಮಾತು ಸರಿ, ಗುರುಗಳೇ. ಅವಳು ಕೇಳಿದಳು, ಇವರು ಹೇಳಿದರು. ಸಂತೆಯಲ್ಲಿ ಎಮ್ಮೆಯ ಮಾತಾಡಿದವನನ್ನು ಯಾರು ಕೇಳಿದ್ದರು?”

ಗುರುಗಳು ಅವನನ್ನು ನೋಡಿದರು.

“ಅವನು ಯಾರ ಮುಖ ನೋಡಿಕೊಂಡು ಹೇಳುತ್ತಿದ್ದ, ಮರುಳಯ್ಯ? ಎದುರಿಗೆ ಆ ಬೆಂಕಿಯಿಂದ ಪಾರಾಗಿ ಬಂದವರು ಯಾರಾದರೂ ಇದ್ದರೇ?”

ಮರುಳಯ್ಯ ಅದನ್ನು ನೋಡಿರಲಿಲ್ಲ.