ಒಂದೇ ಸಿಲಿಂಡರಿನ ಇಬ್ಬರು

ಮುಳುಗುಗಾರ ಕೇಶವ ಮೊಗೇರನ ಸಿಲಿಂಡರಿನಲ್ಲಿ ಆಮ್ಲಜನಕವೂ ಹೀಲಿಯಮ್ಮೂ ಜೊತೆಗಿದ್ದವು.

“ಉಸಿರು ಕೊಡುವವನು ನಾನು. ನೀನು ನೆಲ ಕೊರೆದ ಬಾವಿಯಿಂದ ಉರಿಯುವ ಗ್ಯಾಸಿನ ಜೊತೆ ಎದ್ದು ಬಂದವನು. ಜಾಗ ಬಿಡು,” ಎಂದಿತು ಆಮ್ಲಜನಕ.

“ಬಿಡುವುದಿಲ್ಲ,” ಎಂದಿತು ಹೀಲಿಯಂ. “ನೆಲದಾಳದ ಬಂಡೆಯೊಳಗೆ ಯುರೇನಿಯಂ ಕೋಟಿಗಟ್ಟಲೆ ವರ್ಷ ಸವೆದು ನನ್ನನ್ನು ಹೆತ್ತಿತು. ಆಳ ನನಗೆ ಹೊಸದಲ್ಲ. ಕೆಳಗೆ ನೀರಿನ ಒತ್ತಡದಲ್ಲಿ ನೀನೊಬ್ಬನೇ ಇದ್ದರೆ ಇವನಿಗೆ ನೀನೇ ವಿಷ.”

“ನಿನ್ನಿಂದ ಇವನ ದನಿ ಬಾತುಕೋಳಿಯ ದನಿಯಾಗುತ್ತದೆ. ಎಲ್ಲರೂ ನಗುತ್ತಾರೆ.”

“ನಗಲಿ.”

ಕೇಶವ ನೂರು ಮೀಟರ್ ಇಳಿದು ಕಡಲಡಿಯ ಪೈಪಿನ ಬೋಲ್ಟು ಬಿಗಿದ. ಹಡಗಿನ ಫೋನಿನಲ್ಲಿ ಬಾತುಕೋಳಿಯ ದನಿ ಕೇಳಿಸಿತು: “ಕೆಲಸ ಆಯ್ತು, ಮೇಲೆ ಬರ್ತೇನೆ.”

ಕೇಶವ ಇಳಿದಾಗಿನಿಂದ ಆ ದನಿಗಾಗಿ ಕಾಯುತ್ತ ಫೋನು ಹಿಡಿದು ಕೂತಿದ್ದ ಅವನ ಅಣ್ಣ ನಗಲಿಲ್ಲ. “ಇನ್ನೊಂದ್ಸಲ ಹೇಳು ಮಾರಾಯ,” ಎಂದ.